ಊರಿನ ಲೆಕ್ಕದ ಪುಸ್ತಕ

ಮನೆಯ ಖರ್ಚುವೆಚ್ಚವನ್ನು ಬರೆದಿಡುವ ಗೃಹಿಣಿಗೆ ಹಾಲಿನ ಬಾಬತು ಎಷ್ಟು, ಅಕ್ಕಿಯ ಬಾಬತು ಎಷ್ಟು ಎಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ಸಂದೇಹ ಬಂದರೆ ಗೂಡಿನಲ್ಲಿರುವ ಪುಸ್ತಕವನ್ನು ತೆರೆದು ನೋಡಿದರಾಯಿತು. ಆದರೆ ಊರಿನ ರಸ್ತೆಗೂ ಕೆರೆಗೂ ಶಾಲೆಗೂ ನಾವೇ ತೆತ್ತ ಹಣದ ಪುಸ್ತಕವು ಎಲ್ಲಿದೆ? ಅದನ್ನು ನೋಡುವ ಅಧಿಕಾರವು ನಮಗುಂಟೆ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ರಾಜಸ್ಥಾನದ ಕೂಲಿಯ ಜನರು. ಬರಪರಿಹಾರದ ಕಾಮಗಾರಿಗಳಲ್ಲಿ ಬಿಸಿಲಿಗೆ ಬೆಂದು ಮಣ್ಣು ಹೊತ್ತ ಹೆಂಗಸರಿಗೆ, ಸರಕಾರವು ಗೊತ್ತುಮಾಡಿದ ಕೂಲಿಯು ಪೂರ್ತಿಯಾಗಿ ಕೈಸೇರುತ್ತಿರಲಿಲ್ಲ. ಕೇಳಿದರೆ, ಅವರು ಮಾಡಿದ ಕೆಲಸವೇ ಅಷ್ಟೆಂಬ ಉತ್ತರ. ಹಾಗಾದರೆ ಹಾಜರಿಪಟ್ಟಿಯನ್ನು ತೋರಿಸಿರೆಂದರೆ, ಅದು ಸರಕಾರದ ಗುಟ್ಟು! 1990ರಲ್ಲಿ ಸ್ಥಾಪಿತವಾದ ಮಜದೂರ ಕಿಸಾನ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಕೋಟ ಕಿರಾಣಾ ಎಂಬ ಹಳ್ಳಿಯಲ್ಲಿ ಜನರನ್ನು ಕೂಡಿಸಿ, ದೊರಕಿದ ದಾಖಲೆಗಳನ್ನು ಎಲ್ಲರೆದುರು ಓದಿಸಿದರು. ಇಂತಹ ಸಭೆಗಳಲ್ಲಿ ಬಯಲಿಗೆ ಬಂದುದೇನು? ಕೆಲಸಕ್ಕೆ ಬಾರದವರಿಗೂ ಸತ್ತವರಿಗೂ ಕೂಲಿ ಸಂದಾಯವಾಗಿತ್ತು. ಕಟ್ಟದೆಯೇ ಇದ್ದ ಕಟ್ಟಡಗಳು ಕಾಗದದಲ್ಲಿ ಕಟ್ಟಿ ಮುಗಿದಿದ್ದವು. 1996ರಲ್ಲಿ ಬ್ಯಾವರ ಪಟ್ಟಣದಲ್ಲಿ ನಲವತ್ತು ದಿನಗಳ ಧರಣಿ ನಡೆಯಿತು. ಅಕ್ಷರ ಬಾರದವರು ಕಾಗದಕ್ಕಾಗಿ ಬೀದಿಯಲ್ಲಿ ಕುಳಿತರೆಂಬುದನ್ನು, ಓದುಬಲ್ಲ ನಾವು ಕೊಂಚ ನಾಚಿಕೆಯಿಂದಲೇ ನೆನೆಯಬೇಕು. 2000ದಲ್ಲಿ ರಾಜಸ್ಥಾನದಲ್ಲಿಯೂ ನಮ್ಮ ಕರ್ನಾಟಕದಲ್ಲಿಯೂ, 2005ರಲ್ಲಿ ಕೇಂದ್ರದಲ್ಲಿಯೂ ಮಾಹಿತಿ ಹಕ್ಕಿನ ಕಾಯಿದೆಗಳಾದವು.

ಕಾಗದವು ಕೈಗೆ ಬಂದಮಾತ್ರಕ್ಕೆ ಕಾರ್ಯವು ತೀರಿತೆನ್ನುವಂತಿಲ್ಲ. 2007ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಸೆಬಾಸ್ಟೊಪೋಲ್ ಎಂಬ ಊರಿನಲ್ಲಿ ಸುಮಾರು ಮೂವತ್ತು ಮಂದಿ ತಜ್ಞರು ಕೂಡಿ, ಸರಕಾರದ ಮಾಹಿತಿಯು ನಿಜವಾಗಿ ಮುಕ್ತವೆನಿಸಬೇಕಾದರೆ ಹೇಗಿರಬೇಕೆಂದು ಎಂಟು ತತ್ತ್ವಗಳನ್ನು ಬರೆದರು. ವ್ಯಕ್ತಿಗಳ ಖಾಸಗಿ ಸಂಗತಿ, ದೇಶರಕ್ಷಣೆ ಮೊದಲಾದುವನ್ನು ಬಿಟ್ಟು ಉಳಿದುದೆಲ್ಲವೂ ಪೂರ್ಣವಾಗಿರಬೇಕು, ಸಾರಾಂಶವಾಗಿರದೆ ಮೂಲರೂಪದಲ್ಲಿರಬೇಕು, ಹಳಸುವ ಮೊದಲೇ ದೊರೆಯಬೇಕು. ಕೇಳುವವನು ಯಾರೆಂದು ವಿಚಾರಿಸಕೂಡದು, ಬಳಸಲು ಪರವಾನಗಿಯ ತೊಡಕೂ ಇರಕೂಡದು. ಇವುಗಳಲ್ಲಿ ನನಗೆ ಬಹು ಮುಖ್ಯವೆಂದು ತೋರುವುದು, ಮಾಹಿತಿಯನ್ನು ಗಣಕಯಂತ್ರವು ಓದಿ ಲೆಕ್ಕಹಾಕುವಂತಿರಬೇಕೆಂಬ ತತ್ತ್ವ. ಲೆಕ್ಕದ ಹಾಳೆಯ ಚಿತ್ರವನ್ನು ತೆಗೆದು ಅಂತರ್ಜಾಲದಲ್ಲಿ ಅಂಟಿಸಿದರೆ ಅದು ಕಣ್ಣಿಗೆ ಕಾಣುವುದೇ ಹೊರತು ಸುಲಭವಾಗಿ ಕೂಡಿಸಲು, ವಿಂಗಡಿಸಲು ಒದಗದು. ನೂರು ಹಳ್ಳಿಗಳ ಪಟ್ಟಿಗಳನ್ನು ಹೋಲಿಸುವವನು ಒಂದೊಂದೇ ಅಂಕಿಯನ್ನು ಮತ್ತೆ ಬರೆದುಕೊಳ್ಳಬೇಕಾಗುತ್ತದೆ. ಬಾಗಿಲು ತೆರೆದಿದೆ, ಉಗ್ರಾಣಕ್ಕೆ ದೀಪವಿಲ್ಲ! ಭಾರತ ಸರಕಾರವೂ 2012ರಲ್ಲಿ ಮಾಹಿತಿಯ ಹಂಚಿಕೆಗೆ ಒಂದು ನೀತಿಯನ್ನು ಪ್ರಕಟಿಸಿ, ಅದೇ ವರುಷ ಅಂತರ್ಜಾಲದಲ್ಲಿ ಒಂದು ಭಂಡಾರವನ್ನು ತೆರೆಯಿತು.

ಆ ಭಂಡಾರದಲ್ಲಿ ನಿಮ್ಮ ಬೀದಿಯ ಚರಂಡಿಯ ಲೆಕ್ಕವು ಸಿಕ್ಕದಿದ್ದರೆ, 2005ರ ಕಾಯಿದೆಯಂತೆ ಸಂಬಂಧಪಟ್ಟ ಕಚೇರಿಯ ಮಾಹಿತಿ ಅಧಿಕಾರಿಗೆ ಕನ್ನಡದಲ್ಲಿಯೇ ಅರ್ಜಿಯನ್ನು ಬರೆಯಬಹುದು. ಏತಕ್ಕೆ ಬೇಕೆಂದು ಕಾರಣವನ್ನು ಹೇಳಬೇಕಾಗಿಲ್ಲ. ಬಡತನದ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ, ಪ್ರಾಣದ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಗಳೊಳಗೆ ಉತ್ತರವು ಬರಬೇಕು. ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೂ, ಅಲ್ಲಿಯೂ ಆಗದಿದ್ದರೆ ಮಾಹಿತಿ ಆಯೋಗಕ್ಕೂ ಮೇಲ್ಮನವಿ ಸಲ್ಲಿಸಬಹುದು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೆ, ಅದನ್ನು ಬರಹಕ್ಕೆ ಇಳಿಸಲು ಅಧಿಕಾರಿಯೇ ನೆರವಾಗಬೇಕೆಂದು ಅದರ 6ನೆಯ ಕಲಮು ವಿಧಿಸಿದೆ.