ಗದ್ದೆಯಿಂದ ಮಂಡಿಯವರೆಗೆ: ಒಂದು ಅಚ್ಚು ಬೆಲ್ಲದ ಹಿಂದೆ

ಮದ್ದೂರು ದಾಟಿ ಮಳವಳ್ಳಿ ರಸ್ತೆ ಹಿಡಿದರೆ ಎರಡೂ ಬದಿಯಲ್ಲಿ ಕಬ್ಬು. ಕನ್ನಂಬಾಡಿ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಈ ಸೀಮೆಗೆ ಅಂಟಿಕೊಂಡ ಬೆಳೆ ಇದು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆ ಸೇರುತ್ತದೆ. ನಾವು ಕೊಳ್ಳುವ ಒಂದು ಅಚ್ಚು ಬೆಲ್ಲ ಯಾರ ಯಾರ ಕೈ ದಾಟಿ ಬರುತ್ತದೆ, ಅವರ ಯೋಗಕ್ಷೇಮ ಯಾರ ಹೊಣೆ ಎಂಬುದನ್ನು ನೋಡಬೇಕಿತ್ತು. ಕಟಾವು ನಡೆಯುತ್ತಿದ್ದ ಗದ್ದೆಯೊಂದಕ್ಕೆ ಇಳಿದೆ.

ಗಂಡಸರು ಬುಡಕ್ಕೆ ಮಚ್ಚು ಹಾಕುತ್ತಿದ್ದರು. ಹೆಂಗಸರು ಸೋಗೆ ಸವರಿ, ತರಗು ಬಿಡಿಸಿ, ಹೊರೆ ಕಟ್ಟುತ್ತಿದ್ದರು. ಕೂಲಿ ಟನ್ನಿನ ಲೆಕ್ಕ. “ಯಾವೂರಮ್ಮ?” ಎಂದೆ. “ಬಳ್ಳಾರಿ ಕಡೆಯವರ್ರೀ. ಮೇಸ್ತ್ರಿ ಕರಕೊಂಡು ಬಂದಾನ್ರೀ,” ಎಂದರು ಒಬ್ಬಾಕೆ. ಬದುವಿನ ಮೇಲೆ, ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳು ತಮ್ಮನನ್ನು ಆಡಿಸುತ್ತಿದ್ದಳು. ಶಾಲೆಗೆ ಸೇರಿಸಿದ್ದೀರಾ ಎಂದು ಕೇಳುವಷ್ಟರಲ್ಲಿ ಟ್ರ್ಯಾಕ್ಟರ್ ಬಂತು, ಎಲ್ಲರೂ ಲೋಡಿಗೆ ಎದ್ದರು.

ಮೇಸ್ತ್ರಿ ತಮ್ಮ ಪುಸ್ತಕ ತೋರಿಸಿದರು. ಜೇಬಿನಲ್ಲಿ ಹಿಡಿಸುವ, ಬೆವರಿಗೆ ಅಂಚು ಮುದುರಿದ ಪುಸ್ತಕ. ಹೆಸರು, ಮುಂಗಡ, ಟನ್ನು, ವಾರದ ಖರ್ಚು ಎಂದು ನಾಲ್ಕು ಕಲಂ. ಮುಂಗಡದ ಋಣಕ್ಕೆ ಆಳನ್ನು ಕಟ್ಟಿಹಾಕುವುದನ್ನು 1976ರ ಜೀತ ನಿರ್ಮೂಲನ ಕಾಯ್ದೆ ನಿಷೇಧಿಸಿದೆ. ಇಲ್ಲಿಯದು ಅಂಥದ್ದೋ, ಊರಿನ ಕಷ್ಟಕ್ಕೆ ಒದಗಿದ ಸಾಲವೋ, ನಿಂತ ಗಳಿಗೆಯಲ್ಲಿ ಹೇಳಲಾರೆ. ಆದರೆ ಇಡೀ ತಂಡದ ಲೆಕ್ಕ ಆ ಒಂದೇ ಪುಸ್ತಕದಲ್ಲಿತ್ತು. ದುಡಿದವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಟ್ರ್ಯಾಕ್ಟರಿನ ಹಿಂದೆಯೇ ಆಲೆಮನೆಗೆ ಹೋದೆ. ಮೊದಲು ಸಿಗುವುದು ಗಾಣ. ಒಬ್ಬ ಹುಡುಗ ಜಲ್ಲೆಗಳನ್ನು ಒಳಕ್ಕೆ ತಳ್ಳುತ್ತಿದ್ದ. ಅವನ ಬೆರಳಿಗೂ ಉರುಳೆಗೂ ನಡುವೆ ಗೇಣು ಅಂತರ, ಬೆಲ್ಟಿಗೆ ಮರೆ ಇಲ್ಲ. ಕಬ್ಬಿನ ಹಾಲು ತೊಟ್ಟಿಗೆ ಇಳಿದು ಅಲ್ಲಿಂದ ಕೊಪ್ಪರಿಗೆಗೆ ಹರಿಯುತ್ತದೆ. ಒಲೆಗೆ ಒಣಗಿದ ಸಿಪ್ಪೆಯೇ ಉರುವಲು. ಸುಣ್ಣ ಬಿದ್ದ ಮೇಲೆ ಮಡ್ಡಿ ಮೇಲೇಳುತ್ತದೆ, ಜಾಲರಿಯಲ್ಲಿ ಎತ್ತಿ ಹಾಕುತ್ತಾರೆ. ಪಾಕ ಹದಕ್ಕೆ ಬಂದಾಗ ಒಂದು ಹಿಡಿ ಬಿಳಿ ಪುಡಿ ಬಿತ್ತು. ಅದು ಬೆಲ್ಲ ಬೆಳ್ಳಗಾಗಲು ಹಾಕುವ ಹೈಡ್ರೋಸ್. ಗಂಧಕದ ಘಾಟು ಎದ್ದು ನನಗೆ ಕೆಮ್ಮು ಬಂತು. ಬರಿಮೈಯಲ್ಲಿ ಪಾಕ ತಿರುವುತ್ತಿದ್ದ ಉತ್ತರ ಪ್ರದೇಶದ ಕೆಲಸಗಾರ ಮುಖವನ್ನಷ್ಟೇ ಆಚೆ ತಿರುಗಿಸಿದ.

“ಅದನ್ನ ಹಾಕದೇ ಇದ್ರೆ ಆಗಲ್ವಾ?” ಎಂದು ಮಾಲೀಕರನ್ನು ಕೇಳಿದೆ. “ಆಯ್ತದೆ ಸ್ವಾಮಿ. ಬೆಲ್ಲ ಕಪ್ಪಾಯ್ತದೆ. ಮಂಡೀಲಿ ಬಣ್ಣ ನೋಡಿ ರೇಟ್ ಹಾಕ್ತಾರೆ,” ಎಂದರು. ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ. ಅದರಲ್ಲೇ ಕಬ್ಬಿನ ದುಡ್ಡು, ಕೂಲಿ, ಕರೆಂಟು ಎಲ್ಲ ಹೊರಡಬೇಕು.

ಹಿಂಬದಿಯಲ್ಲಿ ಕೆಲಸಗಾರರ ಕೋಣೆ: ಒಲೆಗೆ ತಾಗಿದ ಗೋಡೆ, ತಗಡಿನ ಸೂರು. ರಾಜ್ಯ ದಾಟಿ ಬಂದ ಗುತ್ತಿಗೆ ಕಾರ್ಮಿಕರಿಗೆ ಕೂಲಿ ಬರೆದ ಫೋಟೊ ಸಹಿತ ಪಾಸ್‌ಬುಕ್ ಕೊಡಬೇಕೆಂದು 1979ರ ಕಾಯ್ದೆಯೇ ಹೇಳಿತ್ತು. ಗದ್ದೆಯ ಬಳ್ಳಾರಿಯವರು ಆ ಕಾಯ್ದೆಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅವರು ರಾಜ್ಯದ ಗಡಿ ದಾಟಿಲ್ಲ.

ಕೊನೆಗೆ ಮಂಡ್ಯದ ಮಂಡಿ. ವರ್ತಕರು ಅಚ್ಚು ಒಡೆದರು, ಬಣ್ಣ ನೋಡಿದರು, ಗಟ್ಟಿತನ ನೋಡಿದರು, ರೇಟು ಕೂಗಿದರು. ತೂಕದ ಚೀಟಿ ಹುಟ್ಟಿತು. ಗದ್ದೆಯ ಪುಸ್ತಕದಲ್ಲಿದ್ದ ಒಂದು ಹೆಸರೂ ಇಲ್ಲಿಗೆ ಬಂದಿರಲಿಲ್ಲ.

ಇಷ್ಟು ನೋಡಿದ ಮೇಲೆ ನನಗೆ ಖಚಿತವಾದದ್ದು ಇದು: ಬೆಳ್ಳಗಿನ ಬೆಲ್ಲ ಬೇಕೆಂಬ ನಮ್ಮ ಆಸೆ ಅಂಗಡಿ, ಮಂಡಿ, ಆಲೆಮನೆ ದಾಟಿ ಕೊಪ್ಪರಿಗೆಯ ಮುಂದೆ ನಿಂತವನ ಮೂಗಿನವರೆಗೂ ತಲುಪುತ್ತದೆ. ಬಣ್ಣದ ಮಾತು ಅಷ್ಟು ದೂರ ಹೋಗುವುದಾದರೆ ಕೂಲಿ ಚೀಟಿಯ ಮಾತೂ, ಗಾಣಕ್ಕೊಂದು ಮರೆಯ ಮಾತೂ, ಆ ಹುಡುಗಿಯ ಶಾಲೆಯ ಮಾತೂ ಹೋಗಬಲ್ಲವು. ರೇಟು ಹಾಕುವವರು ಕೇಳಿದರೆ ಆಲೆಮನೆಯವರು ಕೊಡುತ್ತಾರೆ. ನಾವು ಕೇಳಿದರೆ ರೇಟು ಹಾಕುವವರು ಕೇಳುತ್ತಾರೆ. ಮುಂದಿನ ಸಲ ಬೆಲ್ಲ ಕೊಳ್ಳುವಾಗ ಕಪ್ಪು ಬೆಲ್ಲವನ್ನೇ ಕೇಳಿ. ಅದನ್ನು ಮಾಡಿದವರಿಗೆ ಕೂಲಿ ಸಂದಿದೆಯೇ ಎಂದೂ ಕೇಳಿ.