ಕಾಲಿನ ಹರಡಿಗೂ ಹೊಸ ಕೀಲು: ಒಪ್ಪುವ ಮುಂಚೆ ತಿಳಿಯೋಣ



ಮಂಡಿ ಬದಲಾಯಿಸುವ ಆಪರೇಷನ್ ಬಗ್ಗೆ ನಾವೆಲ್ಲ ಕೇಳಿದ್ದೇವೆ. ಕಾಲಿನ ಹರಡಿನ ಕೀಲನ್ನೂ ಹಾಗೆಯೇ ಬದಲಾಯಿಸಬಹುದು. ಆದರೆ ಎರಡೂ ಒಂದೇ ಅಲ್ಲ. ಸಂಘದಲ್ಲಿ ಸಾಲ ಕೇಳುವ ಮುಂಚೆ ಈ ವ್ಯತ್ಯಾಸ ಗೊತ್ತಿರಬೇಕು.

ಹರಡು ಸವೆಯುವುದು ಏಕೆ?
ಮಂಡಿ ಹೆಚ್ಚಾಗಿ ವಯಸ್ಸಾದಂತೆ ಸವೆಯುತ್ತದೆ. ಹರಡಿಗೆ ಹೆಚ್ಚಿನವರಲ್ಲಿ ಹಳೇ ಪೆಟ್ಟೇ ಕಾರಣ. ಹೊಲದ ಬದುವಿನಲ್ಲಿ ಜಾರಿಯೋ, ಗಾಡಿಯಿಂದ ಬಿದ್ದೋ ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡರೆ, ಎಷ್ಟೋ ವರ್ಷದ ಮೇಲೆ ನೋವು ಶುರುವಾಗುತ್ತದೆ. ಕೀಲುವಾತದಿಂದಲೂ ಹೀಗಾಗಬಹುದು.

ಆಪರೇಷನ್ ಹೇಗೆ ಮಾಡುತ್ತಾರೆ?
ಅರಿವಳಿಕೆ ಕೊಟ್ಟು, ರಕ್ತ ಹೆಚ್ಚು ಹೋಗದಂತೆ ತೊಡೆಗೆ ಪಟ್ಟಿ ಬಿಗಿಯುತ್ತಾರೆ. ಸಾಮಾನ್ಯವಾಗಿ ಹರಡಿನ ಮುಂದೆ ಉದ್ದಕ್ಕೆ ಕೊಯ್ದು, ನರ, ರಕ್ತನಾಳಗಳನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸುತ್ತಾರೆ. ಅಳತೆಯ ಅಚ್ಚು ಇಟ್ಟು, ಮೇಲಿನ ಮೂಳೆಯ ಕೆಳತುದಿಯನ್ನೂ ಪಾದದ ಮೂಳೆಯ ನೆತ್ತಿಯನ್ನೂ ತೆಳ್ಳಗೆ ಕತ್ತರಿಸುತ್ತಾರೆ. ಮೊದಲು ಅಳತೆಯ ತುಂಡು ಇಟ್ಟು ಪಾದ ನೇರವಾಗಿದೆಯೇ, ಮೇಲೆ ಕೆಳಗೆ ಆಡುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಎರಡೂ ಮೂಳೆಗೆ ಲೋಹದ ಭಾಗ, ನಡುವೆ ಗಟ್ಟಿ ಪ್ಲಾಸ್ಟಿಕ್ ತುಂಡು ಕೂರಿಸಿ ಹೊಲಿಗೆ ಹಾಕುತ್ತಾರೆ.

ಹರಡಿನ ಮುಂದಿನ ಚರ್ಮ ತೆಳು. ಗಾಯ ಮಾಯುವುದು ನಿಧಾನ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ತಂಬಾಕು ಬಿಡಬೇಕು. ಡಾಕ್ಟರ್ ಹೇಳುವ ತನಕ, ಕೆಲವು ವಾರ, ಕಾಲೂರಬಾರದು.

ಎಲ್ಲರಿಗೂ ಇದು ಸರಿಯೇ?
ಇಲ್ಲ. 1970ರ ದಶಕದ ಕೃತಕ ಹರಡುಗಳು ಬೇಗ ಸಡಿಲವಾದವು. ಈಗಿನವು ಎಷ್ಟೋ ಮೇಲು: ನೂರರಲ್ಲಿ ಸುಮಾರು 80ರಿಂದ 90 ಹತ್ತು ವರ್ಷ ದಾಟುತ್ತವೆ. ಆದರೂ ತಲೆ ಮೇಲೆ ಹೊರೆ ಹೊರುವವರಿಗೆ, ದಿನವಿಡೀ ಹೊಲದ ಕೆಲಸ ಮಾಡುವವರಿಗೆ ಬೇಗ ಸವೆಯುವ ಭಯ ಇದ್ದೇ ಇದೆ. ಕುಕ್ಕರಗಾಲಲ್ಲಿ ಕೂರುವುದೂ ಕಷ್ಟವೇ.

ಇಂಥವರಿಗೆ ಡಾಕ್ಟರು ಹೆಚ್ಚಾಗಿ ಇನ್ನೊಂದು ದಾರಿ ಹೇಳುತ್ತಾರೆ: ಎರಡು ಮೂಳೆಯನ್ನೂ ಸ್ಕ್ರೂ ಹಾಕಿ ಒಂದಾಗಿ ಬೆಸೆಯುವುದು. ಹರಡು ಆಡುವುದಿಲ್ಲ, ಆದರೆ ಹೆಚ್ಚಿನವರಿಗೆ ನೋವು ಹೋಗಿ ದುಡಿಯಲು ಆಗುತ್ತದೆ. ಹೊಸ ಕೀಲು ಹಗುರ ಕೆಲಸದ ಹಿರಿಯರಿಗೆ ಹೆಚ್ಚು ಹೊಂದುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿದ್ದರೆ, ಕೀಲಲ್ಲಿ ಕೀವಿದ್ದರೆ ಸಾಮಾನ್ಯವಾಗಿ ಹೊಸ ಕೀಲು ಹಾಕುವುದಿಲ್ಲ.

ಆದ್ದರಿಂದ ಡಾಕ್ಟರ ಹತ್ತಿರ ನಾಚದೆ ಕೇಳಿ: "ನನ್ನ ಕೆಲಸ ಇಂಥದ್ದು. ಬದಲಾಯಿಸುವುದು ಒಳ್ಳೇದೋ, ಬೆಸೆಯುವುದೋ? ಮಾತ್ರೆ, ಪಟ್ಟಿಯಲ್ಲೇ ಇನ್ನಷ್ಟು ದಿನ ತಳ್ಳಬಹುದೇ?" ಶೆಟ್ಟಿಹಳ್ಳಿಯವರು ಮೊದಲು ತುಮಕೂರು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಬಿ.ಪಿ.ಎಲ್. ಕಾರ್ಡ್ ಇದ್ದವರು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆ ಸಿಗುತ್ತದೆಯೇ ಎಂದು ಅಲ್ಲಿಯ ಆರೋಗ್ಯಮಿತ್ರರನ್ನು ವಿಚಾರಿಸಿ.

ಎಲ್ಲಕ್ಕಿಂತ ಮುಖ್ಯ ಮಾತು: ಕಾಲು ಉಳುಕಿ ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ, "ಎಣ್ಣೆ ತಿಕ್ಕಿದ್ರೆ ಸರಿಹೋಗುತ್ತೆ" ಅಂತ ಸುಮ್ಮನಿರಬೇಡಿ. ಅವತ್ತೇ ಎಕ್ಸ್‌ರೇ ತೆಗೆಸಿ. ಮುರಿದ ಮೂಳೆ ಆಗಲೇ ನೆಟ್ಟಗೆ ಕೂಡಿದರೆ, ಮುಂದೆ ಇಂಥ ದೊಡ್ಡ ಆಪರೇಷನ್ ಎಷ್ಟೋ ಜನರಿಗೆ ಬೇಕಾಗುವುದೇ ಇಲ್ಲ.