ವಿಂಚ್‌ಗಿಂತ ಮೊದಲು ಗೂಟ

ಎರೆ ಹೊಲದಲ್ಲಿ ಹೂತ ಪಿಕಪ್ ಎತ್ತಲು ಎಂಥ ವಿಂಚ್ ಬೇಕು? ಉತ್ತರ ಹುಡುಕಬೇಕಾದದ್ದು ಹಗ್ಗದ ಇನ್ನೊಂದು ತುದಿಯಲ್ಲಿ.

ಕೊಪ್ಪಳ ಮತ್ತು ಗದಗದ ನಡುವೆ, ಕುಕನೂರಿನ ಮಗ್ಗುಲಲ್ಲಿರುವ ಇಟಗಿಯನ್ನು ನಾಡು ಗುರುತಿಸುವುದು 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದಿಂದ. ಊರಿನ ಒಕ್ಕಲು ಮಕ್ಕಳು ಅದನ್ನು ಗುರುತಿಸುವುದು ಸುತ್ತಲಿನ ಕಪ್ಪು ನೆಲದಿಂದ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವ ಎರೆ, ಉತ್ತರಿ, ಹಸ್ತ ಮಳೆ ಬಿದ್ದ ಮೇಲೆ ನಾದಿದ ಹಿಟ್ಟಿನಂತಾಗುತ್ತದೆ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುವ, ಒಣಗಿದಾಗ ಕುಗ್ಗುವ ಜಾತಿಯದು. ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವ ಈ ಗುಣದಿಂದಲೇ ಹಿಂಗಾರಿಯ ಬಿಳಿಜೋಳ, ಕಡಲೆ ಬೆಳೆಯುತ್ತವೆ. ಗೊಬ್ಬರ ತರುವ, ಉಳ್ಳಾಗಡ್ಡಿ ಒಯ್ಯುವ ಪಿಕಪ್ ಗಾಡಿ ನಡು ಹೊಲದಲ್ಲಿ ಹೂತು ನಿಲ್ಲುವುದೂ ಇದೇ ಗುಣದಿಂದ. ಮಸಾರಿಯಲ್ಲಿ ಗಾಲಿ ಜಾರಿದರೂ ಕೆಳಗೆ ಗರಸು ಸಿಗುತ್ತದೆ. ಎರೆಯಲ್ಲಿ ಗಾಲಿ ತಿರುಗಿದಷ್ಟೂ ಕೆಳಗಿಳಿಯುತ್ತದೆ, ಟೈರಿನ ಹಲ್ಲುಗಳ ನಡುವೆ ಮಣ್ಣು ತುಂಬಿ ಅದು ನುಣ್ಣನೆಯ ಉರುಳೆಯಾಗುತ್ತದೆ. ಗಂಗಾವತಿ ಕಡೆಯ ಭತ್ತದ ಗದ್ದೆಯ ಅಂಚಿನಲ್ಲೂ ಸುಗ್ಗಿಯಲ್ಲಿ ಇದೇ ಪಾಡು.

ಈ ಕಷ್ಟಕ್ಕೆ ಮದ್ದೆಂದು ಹಲವರ ಕಣ್ಣು ಈಗ ವಿಂಚ್ ಮೇಲೆ ಬಿದ್ದಿದೆ. ಗಾಡಿಗೆ ಕಟ್ಟಿದ ಡ್ರಮ್, ಅದಕ್ಕೆ ಸುತ್ತಿದ ಹಗ್ಗ, ತಿರುಗಿಸಲು ಬ್ಯಾಟರಿಯ ಮೋಟಾರು: ಇಷ್ಟೇ ಅದರ ರಚನೆ. ಪೆಟ್ಟಿಗೆಯ ಮೇಲೆ 9,500 ಪೌಂಡ್, 12,000 ಪೌಂಡ್ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 4.3 ಟನ್ ಮತ್ತು 5.4 ಟನ್. ಕೊಳ್ಳುವವರು ಅಂಕಿ ನೋಡಿ ದೊಡ್ಡದನ್ನು ಆರಿಸುತ್ತಾರೆ. ಆದರೆ ಎರೆ ಹೊಲದಲ್ಲಿ ಮೊದಲು ಸೋಲುವುದು ವಿಂಚ್ ಅಲ್ಲ, ಅದರ ಹಗ್ಗ ಕಟ್ಟಿದ ಜಾಗ. ಆದ್ದರಿಂದ ಗೂಟವನ್ನು ಮೊದಲು ಯೋಚಿಸಿ, ಅದು ತಾಳುವಷ್ಟು ವಿಂಚನ್ನು ಆಮೇಲೆ ಆರಿಸಬೇಕು ಎಂಬುದು ಈ ಲೇಖನದ ವಾದ.

ಕೆಸರು ಕೇಳುವ ಬಲ ಎಷ್ಟು?

ಮೊದಲು ಭಾರ ನೋಡೋಣ. ನಮ್ಮ ಮೋಟಾರು ನಿಯಮಗಳು 3.5 ಟನ್‌ವರೆಗಿನ ಸರಕು ವಾಹನಗಳನ್ನು ಎನ್1 ವರ್ಗದಲ್ಲಿ ಇಡುತ್ತವೆ. ಹಳ್ಳಿಗಳಲ್ಲಿ ಓಡುವ ಪಿಕಪ್‌ಗಳು ಸಾಮಾನ್ಯವಾಗಿ ಈ ಮಿತಿಯ ಒಳಗಿನವು. ತುಂಬಿದ ಗಾಡಿ 3.5 ಟನ್ ಎಂದೇ ಹಿಡಿಯೋಣ. ವಾಹನದ ಒಟ್ಟು ತೂಕದ ಒಂದೂವರೆ ಪಟ್ಟು ಬಲದ ವಿಂಚ್ ಇರಬೇಕು ಎಂಬುದು ವ್ಯಾಪಾರಿಗಳು ಹೇಳುವ ಸೂತ್ರ. ಹಾಗೆ ಲೆಕ್ಕ ಹಾಕಿದರೆ 5.25 ಟನ್, ಅಂದರೆ 12,000 ಪೌಂಡಿನ ಯಂತ್ರ. ಈ ಸೂತ್ರ ಗಾಡಿಯನ್ನು ತೂಗುತ್ತದೆ, ಕೆಸರನ್ನು ತೂಗುವುದಿಲ್ಲ. ಹೂತ ವಾಹನಗಳನ್ನು ಎತ್ತುವ ಬಗ್ಗೆ ಅಮೆರಿಕದ ಸೇನೆ ಬರೆಸಿದ ಕೈಪಿಡಿಗಳಲ್ಲಿ ಇನ್ನೊಂದು ಅಂದಾಜು ಇದೆ: ಗಾಲಿಯ ಮಟ್ಟಕ್ಕೆ ಹೂತರೆ ವಾಹನದ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್ ಮಟ್ಟಕ್ಕೆ ಹೂತರೆ ಅದರ ಎರಡರಷ್ಟು. ನಮ್ಮ ಪಿಕಪ್‌ಗೆ ಅದು ಮೊದಲ ಸ್ಥಿತಿಯಲ್ಲಿ 3.5 ಟನ್, ಎರಡನೆಯದರಲ್ಲಿ 7 ಟನ್. ಅಂಗಡಿಯ ಸೂತ್ರದಂತೆ ಕೊಂಡ ಯಂತ್ರ ಎರಡನೆಯ ಸ್ಥಿತಿಯಲ್ಲಿ ಒಂಟಿ ಹಗ್ಗದಿಂದ ಗಾಡಿಯನ್ನು ಕದಲಿಸಲಾರದು.

ಪೆಟ್ಟಿಗೆಯ ಅಂಕಿ ಹೊಲದಲ್ಲಿ ಪೂರ್ತಿ ಕೈಗೆ ಸಿಗುವುದೂ ಇಲ್ಲ. ಅದು ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರ ಮಾತ್ರ ಇದ್ದಾಗಿನ ಬಲ. ಪದರದ ಮೇಲೆ ಪದರ ಸುತ್ತಿಕೊಂಡಂತೆ ಡ್ರಮ್ ದಪ್ಪವಾಗುತ್ತದೆ, ಎಳೆಯುವ ಬಲ ಕುಗ್ಗುತ್ತದೆ. ಮೇಲಿನ ಪದರದಲ್ಲಿ ಮೂರನೇ ಒಂದು ಪಾಲಿನಷ್ಟು ಬಲ ಕಳೆದುಹೋಗುವುದು ಸಾಮಾನ್ಯ. ಆದ್ದರಿಂದ ದೂರದ ಆಧಾರಕ್ಕೆ ಹೆಚ್ಚು ಹಗ್ಗ ಬಿಚ್ಚಿ ಕಟ್ಟುವುದೇ ಲಾಭ. ವಿದ್ಯುತ್ತಿನ ಮಿತಿ ಇನ್ನೊಂದು. ಪೂರ್ತಿ ಭಾರ ಬಿದ್ದಾಗ ಇಂಥ 12 ವೋಲ್ಟ್ ವಿಂಚ್ 400 ಆಂಪಿಯರ್ ಆಸುಪಾಸಿನಲ್ಲಿ ಕರೆಂಟು ಹೀರುತ್ತದೆ. ಗಾಡಿಯ ಆಲ್ಟರ್ನೇಟರ್ ಅದರ ಸಣ್ಣ ಪಾಲನ್ನು ಮಾತ್ರ ಕೊಡಬಲ್ಲದು, ಉಳಿದದ್ದೆಲ್ಲ ಬ್ಯಾಟರಿಯಿಂದ ಹೋಗಬೇಕು. ಒಂದು ನಿಮಿಷ ಎಳೆದು ಕೆಲವು ನಿಮಿಷ ಆರಲು ಬಿಡದಿದ್ದರೆ ಮೋಟಾರು ಸುಡುತ್ತದೆ, ಬ್ಯಾಟರಿ ಇಳಿದು ಹೂತ ಗಾಡಿಯ ಎಂಜಿನ್ನೂ ಶುರುವಾಗದೆ ಹೋಗಬಹುದು.

ಬಲ ಸಾಲದಿದ್ದರೆ ರಾಟೆ ಇದೆಯಲ್ಲ ಎಂದು ತಿಳಿದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಕ್ಕದ ತಗಡು ತೆರೆದು ಹಗ್ಗ ತೂರಿಸುವ ರಾಟೆಯನ್ನು ಆಧಾರಕ್ಕೆ ಕಟ್ಟಿ, ಹಗ್ಗವನ್ನು ಅದರ ಸುತ್ತ ಹಾಯಿಸಿ ತುದಿಯನ್ನು ಗಾಡಿಗೇ ತಂದು ಸಿಕ್ಕಿಸಿದರೆ, ಘರ್ಷಣೆಗೆ ಹೋಗುವ ಸ್ವಲ್ಪ ಬಿಟ್ಟು ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ವೇಗ ಅರ್ಧಕ್ಕಿಳಿಯುತ್ತದೆ, ಕೆಸರಿನಲ್ಲಿ ನಿಧಾನವೇ ಒಳ್ಳೆಯದು. 12,000 ಪೌಂಡಿನ ವಿಂಚ್ ಒಂದು ರಾಟೆಯ ನೆರವಿನಿಂದ 7 ಟನ್ ಎಳೆದೀತು. ಆದರೆ ಆ ಹಗ್ಗದ ಎರಡೂ ಎಳೆಗಳು ಜಗ್ಗುವುದು ಒಂದೇ ಆಧಾರವನ್ನು. ಕೆಸರು 7 ಟನ್ ಕೇಳಿದರೆ ಆಧಾರವೂ 7 ಟನ್ ತಡೆಯಬೇಕು. ರಾಟೆ ವಿಂಚಿನ ಹೊರೆಯನ್ನು ಅರ್ಧ ಮಾಡುತ್ತದೆ, ಗೂಟದ ಹೊರೆಯನ್ನು ಗುಂಜಿಯಷ್ಟೂ ಇಳಿಸುವುದಿಲ್ಲ. ಬಲವನ್ನು ರಾಟೆಯಿಂದ ಹೆಚ್ಚಿಸಿಕೊಳ್ಳಬಹುದು, ನೆಲದ ಹಿಡಿತವನ್ನು ಹಾಗೆ ಹೆಚ್ಚಿಸಿಕೊಳ್ಳಲಾಗದು. ನನ್ನ ವಾದದ ಬೇರು ಈ ಲೆಕ್ಕದಲ್ಲಿದೆ.

ಬಯಲಿನಲ್ಲಿ ಆಧಾರ ಯಾವುದು?

ವಿಂಚ್ ಬಳಕೆ ಕಲಿಸುವವರು ಹಗ್ಗವನ್ನು ಮರಕ್ಕೆ ಕಟ್ಟಿ ಎನ್ನುತ್ತಾರೆ. ಎರೆ ಬಯಲಿನಲ್ಲಿ ಮರವೇ ಅಪರೂಪ. ಬದುವಿನಲ್ಲಿ ಒಂದು ಬೇವೋ ಬನ್ನಿಯೋ ಸಿಕ್ಕರೆ ಪುಣ್ಯ. ಸಿಕ್ಕರೂ ತೊಗಟೆ ಸುಲಿಯದಂತೆ ಅಗಲವಾದ ಪಟ್ಟಿಯನ್ನು ಬುಡದಲ್ಲೇ ಸುತ್ತಿ ಕಟ್ಟಬೇಕು. ಮರವಿಲ್ಲದಲ್ಲಿ ಗೂಟ. ಸೇನೆಯ ಎಂಜಿನಿಯರುಗಳ ಲೆಕ್ಕದಲ್ಲಿ, ಮೂರು ಇಂಚು ದಪ್ಪ, ಐದು ಅಡಿ ಉದ್ದದ ಗೂಟಗಳನ್ನು ಮೂರು ಅಡಿ ಆಳಕ್ಕೆ, ಎಳೆತದ ಎದುರು ದಿಕ್ಕಿಗೆ ತುಸು ಓರೆಯಾಗಿ ಹೊಡೆದು, ಮುಂದೆ ಮೂರು, ಅದರ ಹಿಂದೆ ಎರಡು, ಕೊನೆಗೆ ಒಂದು ಎಂದು ಒಂದಕ್ಕೊಂದು ಬಿಗಿದರೆ ಆ ಆರು ಗೂಟಗಳ ಕಟ್ಟು ಗಟ್ಟಿಯಾದ ಗೋಡುಮಣ್ಣಿನಲ್ಲಿ ಸುಮಾರು 1.8 ಟನ್ ತಡೆಯುತ್ತದೆ. ನೆನೆದ ಜೇಡಿಯಲ್ಲಿ ಅಷ್ಟೂ ಇಲ್ಲ. ಟ್ರ್ಯಾಕ್ಟರನ್ನು ಆಧಾರ ಮಾಡಿಕೊಂಡರೆ? 2 ಟನ್ ತೂಕದ ಟ್ರ್ಯಾಕ್ಟರು ಒಣ ನೆಲದ ಮೇಲೆ ಬ್ರೇಕ್ ಹಿಡಿದು ನಿಂತರೂ ಒಂದು ಟನ್ನಿನ ಸುಮಾರಿಗೆ ಜಾರತೊಡಗುತ್ತದೆ. ಗಾಲಿಗೆ ದಪ್ಪ ಕಲ್ಲು ಕೊಟ್ಟರೆ ಇನ್ನಷ್ಟು ತಡೆದೀತು. ಐದು ಟನ್ ಎಳೆಯುವ ವಿಂಚ್ ಗಾಡಿಯನ್ನು ಮೇಲೆತ್ತುವ ಮೊದಲು ಗೂಟವನ್ನು ಕೀಳುತ್ತದೆ, ಟ್ರ್ಯಾಕ್ಟರನ್ನು ಕೆಸರಿಗೆ ಎಳೆದುಕೊಳ್ಳುತ್ತದೆ.

ಹಾಗಾದರೆ ಉಳಿದ ದಾರಿ ಒಂದೇ: ಕೆಸರು ಕೇಳುವ ಬಲವನ್ನೇ ಇಳಿಸುವುದು. ಎತ್ತಿನ ಬಂಡಿಯ ಕಾಲದ ಹಿರಿಯರಿಗೆ ಇದು ಗೊತ್ತಿತ್ತು. ಬಂಡಿ ಹೂತರೆ ಅವರು ಮೊದಲು ಹೇರು ಇಳಿಸುತ್ತಿದ್ದರು, ಗಾಲಿಯ ಮುಂದಿನ ಮಣ್ಣು ತೋಡುತ್ತಿದ್ದರು, ಕಲ್ಲು ಕಂಟಿ ಹಾಸುತ್ತಿದ್ದರು, ಆಮೇಲೆ ಎತ್ತುಗಳನ್ನು ಹುರಿದುಂಬಿಸುತ್ತಿದ್ದರು. ಅದೇ ಕ್ರಮವನ್ನು ಅಂಕಿಯಲ್ಲಿ ಇಟ್ಟು ನೋಡಿ. ಯೂರಿಯಾ ಚೀಲ ಈಗ 45 ಕಿಲೋದ್ದು. 33 ಚೀಲ ಇಳಿಸಿದರೆ ಒಂದೂವರೆ ಟನ್ ಕಳೆಯಿತು, 3.5 ಟನ್ನಿನ ಗಾಡಿ 2 ಟನ್ನಿಗೆ ಬಂತು. ಮಡ್‌ಗಾರ್ಡ್‌ವರೆಗಿನ ಮಣ್ಣು ತೋಡಿ ಗಾಲಿಯ ಮಟ್ಟಕ್ಕೆ ತಂದರೆ ಎರಡು ಪಟ್ಟಿನ ಲೆಕ್ಕ ಒಂದು ಪಟ್ಟಿಗೆ ಇಳಿಯಿತು. 7 ಟನ್ ಕೇಳುತ್ತಿದ್ದ ಕೆಸರು ಈಗ 2 ಟನ್ ಕೇಳುತ್ತದೆ. ಇಬ್ಬರು ಆಳು, ಎರಡು ಸಲಿಕೆ, ಅರ್ಧ ಗಂಟೆಯ ದುಡಿಮೆ ಯಾವ ದೊಡ್ಡ ವಿಂಚೂ ಕೊಡದ 5 ಟನ್ ಉಳಿಸಿಕೊಟ್ಟಿತು. ಈ 2 ಟನ್ನನ್ನು ಬೇವಿನ ಬುಡ ತಡೆದೀತು. ಗಟ್ಟಿ ನೆಲದಲ್ಲಿ ಹೊಡೆದ ಎರಡು ಕಟ್ಟು ಗೂಟಗಳೂ ಹಂಚಿಕೊಂಡು ತಡೆದಾವು.

ಗಟ್ಟಿ ನೆಲ ಇರುವುದು ಬೆನ್ನಿಗೆ

ಬಲದಷ್ಟೇ ಮುಖ್ಯವಾದದ್ದು ದಿಕ್ಕು. ಸಾಹಸದ ಸವಾರಿಗೆ ಹೋಗುವ ಗಾಡಿಗಳಿಗೆ ವಿಂಚ್ ಮುಂಭಾಗದಲ್ಲಿರುತ್ತದೆ, ಏಕೆಂದರೆ ಅವು ಕೆಸರು ದಾಟಿ ಆಚೆ ಹೋಗಬೇಕು. ನಮ್ಮ ಪಿಕಪ್ ದಾರಿಯಿಂದ ಹೊಲಕ್ಕಿಳಿದು ಹೇರು ತುಂಬಿಕೊಂಡು ಬಂದ ದಾರಿಗೇ ಮರಳಬೇಕು. ಅದರ ಗಟ್ಟಿ ನೆಲ ಬೆನ್ನ ಹಿಂದಿದೆ. ಮುಂಭಾಗದ ವಿಂಚ್ ಗಾಡಿಯನ್ನು ಇನ್ನೂ ಒಳಕ್ಕೆ ಎಳೆಯುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದರೆ ಬೇಕಾದ ಬಲ ಹತ್ತನೇ ಒಂದು ಪಾಲು ಕಡಿಮೆಯಾಗುತ್ತದೆ ಎಂದು ಸೇನೆಯ ಕೈಪಿಡಿಯೂ ಹೇಳುತ್ತದೆ. ಗಾಲಿ ಕೊರೆದ ಜಾಡು ಆಗಲೇ ಅಲ್ಲಿದೆಯಲ್ಲ. ಹೇರೂ ಹಿಂದಿನ ಅಚ್ಚಿನ ಮೇಲಿರುವುದರಿಂದ ಮೊದಲು ಹೂಳುವುದು ಹಿಂದಿನ ಗಾಲಿಗಳೇ. ಇದಕ್ಕೆ ಕಾನೂನಿನ ಮಾತನ್ನೂ ಸೇರಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ರಚನೆ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. ಮುಂಭಾಗಕ್ಕೆ ಬಿಗಿಯುವ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ವಿಂಚಿಗೆಂದು ಮುಂಭಾಗದಲ್ಲಿ ಕಬ್ಬಿಣದ ಚೌಕಟ್ಟು ಕೂರಿಸುವವರು ಇದನ್ನು ಮರೆಯಬಾರದು.

ಬಲ, ದಿಕ್ಕು, ಕಾನೂನು ಮೂರನ್ನೂ ಸೇರಿಸಿ ನೋಡಿದರೆ ಇಲ್ಲಿನ ಬಹುಪಾಲು ಪಿಕಪ್ ಮಾಲೀಕರಿಗೆ ಹೊಂದುವುದು ಗಾಡಿಗೆ ಬಿಗಿಯದ, ಸನ್ನೆಗೋಲು ಆಡಿಸಿ ಉಕ್ಕಿನ ಹಗ್ಗ ಎಳೆಯುವ ಕೈ ವಿಂಚ್. ಇದು 1.6 ಟನ್, 3.2 ಟನ್ ಸಾಮರ್ಥ್ಯಗಳಲ್ಲಿ ದೊರೆಯುತ್ತದೆ; ಮೇಲಿನ 2 ಟನ್ನಿನ ಲೆಕ್ಕಕ್ಕೆ 3.2 ಟನ್ನಿನದು ಸಾಕು. ಮುಂದೆ, ಹಿಂದೆ, ಓರೆಯಾಗಿ ಎತ್ತ ಬೇಕಾದರೂ ಎಳೆಯುತ್ತದೆ, ಬ್ಯಾಟರಿ ಕೇಳುವುದಿಲ್ಲ. ಡ್ರಮ್ ಇಲ್ಲದ್ದರಿಂದ ಪದರಕ್ಕೊಂದು ಬಲ ಎಂಬ ತೊಡಕೂ ಇಲ್ಲ. ಒಂದು ಸಲ ಗೋಲು ಆಡಿಸಿದರೆ ಗಾಡಿ ಕೆಲವೇ ಸೆಂಟಿಮೀಟರ್ ಸರಿಯುತ್ತದೆ ಎಂಬ ದೂರು ನಿಜ. ಆದರೆ ತೋಡಿ ಹಗುರ ಮಾಡಿದ ಗಾಡಿಗೆ ಗಾಲಿ ಹಿಡಿತ ಸಿಗುವವರೆಗಿನ ಮೂರು ನಾಲ್ಕು ಮೀಟರ್ ಸಾಗಿದರೆ ಸಾಕಾಗುವುದೇ ಹೆಚ್ಚು. ದಿನವೂ ಹೊಲ ಹೊಲ ತಿರುಗುವ ಬಾಡಿಗೆ ಗಾಡಿಯವರು ವಿದ್ಯುತ್ ವಿಂಚ್ ಬಯಸಿದರೆ ಅದು ತಪ್ಪಲ್ಲ. ಅವರು 9,500 ಪೌಂಡಿನದನ್ನು ಒಂದು ಒಳ್ಳೆಯ ರಾಟೆಯ ಜೊತೆ, ನಿಯಮ ಒಪ್ಪುವ ರೀತಿಯಲ್ಲಿ ಹಿಂಭಾಗದ ಚಾಸಿಗೆ ಕಳಚುವಂತೆ ಕೂರಿಸಿಕೊಳ್ಳಲಿ.

ಡ್ರಮ್ಮಿನ ವಿಂಚ್ ಕೊಳ್ಳುವವರು ಹಗ್ಗವನ್ನೂ ಆರಿಸಬೇಕು. ಪಾಲಿಥಿಲೀನ್ ನೂಲಿನ ಹೊಸ ಬಗೆಯ ಹಗ್ಗ ಅಷ್ಟೇ ಬಲದ ಉಕ್ಕಿನ ಹಗ್ಗದ ಸಣ್ಣ ಪಾಲಿನಷ್ಟೇ ತೂಗುತ್ತದೆ, ಹರಿದರೆ ಉಕ್ಕಿನಷ್ಟು ಭೀಕರವಾಗಿ ಚಿಮ್ಮುವುದಿಲ್ಲ. ಆದರೆ ನಮ್ಮ ಬಿಸಿಲು ಅದನ್ನು ಒಣಗಿಸಿ ಬಡಕಲು ಮಾಡುತ್ತದೆ, ಎಳೆಗಳೊಳಗೆ ಸೇರಿದ ಮಣ್ಣು ಉಜ್ಜಿ ತಿನ್ನುತ್ತದೆ. ಬಳಸಿದ ಮೇಲೆ ತೊಳೆದು, ನೆರಳಲ್ಲಿ ಒಣಗಿಸಿ, ಮುಚ್ಚಿಡುವ ಶಿಸ್ತು ಇರುವವರಿಗೆ ಮಾತ್ರ ಅದು ಸರಿ. ಯಾವ ಹಗ್ಗವಾದರೂ ಬಿಗಿದಾಗ ಅದರ ಮೇಲೆ ಒದ್ದೆ ಗೋಣಿಚೀಲ ಹಾಕಬೇಕು, ಎಳೆತದ ನೇರದಲ್ಲಿ ಯಾರೂ ನಿಲ್ಲಬಾರದು. ಕೊಕ್ಕೆಯನ್ನು ಬಂಪರಿಗಲ್ಲ, ಚಾಸಿಯ ಎಳೆಗೊಂಡಿಗೆ ಹಾಕಬೇಕು. ಸಾಮರ್ಥ್ಯದ ಅಂಕಿ ಕೊರೆದಿರುವ ಶ್ಯಾಕಲ್ ಮಾತ್ರ ಬಳಸಬೇಕು.

ಇಷ್ಟೆಲ್ಲ ಏಕೆ, ಜೆಸಿಬಿ ಕರೆದರೆ ಆಯಿತು ಎನ್ನುವವರ ಮಾತಿನಲ್ಲೂ ತೂಕವಿದೆ. ಏಳೂವರೆ ಟನ್ನಿನ ಆಸುಪಾಸಿನ ಆ ಯಂತ್ರ ಗಟ್ಟಿ ದಾರಿಯ ಮೇಲೆ ನಿಂತು, ಬಕೆಟ್ಟನ್ನು ನೆಲಕ್ಕೆ ಊರಿ ಎಳೆದರೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ಹತ್ತಿರದಲ್ಲಿದ್ದರೆ ಖಂಡಿತ ಕರೆಯಬೇಕು. ಆದರೆ ಅದು ಎಲ್ಲರಿಗೂ ಬೇಕಾಗುವುದು ಒಂದೇ ಮಳೆಯ ಒಂದೇ ಸಂಜೆ, ಮತ್ತು ಕೆಸರಿಗಿಳಿದರೆ ಅದೂ ಹೂಳುತ್ತದೆ. ಟ್ರ್ಯಾಕ್ಟರಿಗೆ ಸರಪಳಿ ಹಾಕಿ ಜೀಕಿ ಎಳೆಯುವುದಂತೂ ಅಪಾಯದ ದಾರಿ. ಸರಪಳಿಯ ಕೊಂಡಿ ಹರಿದರೆ ಗುಂಡಿನಂತೆ ಹಾರುತ್ತದೆ. ವಿಂಚಿನ ನಿಧಾನ ಎಳೆತ ಇದಕ್ಕಿಂತ ಸುರಕ್ಷಿತ.

ಎಲ್ಲಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ. ಹೊಲದ ಜಾಡು ಊರ ದಾರಿಗೆ ಸೇರುವ ಬಾಯಲ್ಲಿ, ಎದೆಯುದ್ದದ ಕಂದಕ ತೋಡಿ, ಹಳೆಯ ಕಬ್ಬಿಣದ ತೊಲೆಯೊಂದನ್ನು ಎಳೆತಕ್ಕೆ ಅಡ್ಡಲಾಗಿ ಮಲಗಿಸಿ, ಅದರ ನಡುವಿಗೆ ದಪ್ಪ ಸರಪಳಿ ಕಟ್ಟಿ ತುದಿಯನ್ನು ಮೇಲೆ ಬಿಟ್ಟು, ಗರಸು ತುಂಬಿ ದಮ್ಮಸು ಮಾಡಿದರೆ ಅದೇ ಶಾಶ್ವತ ಆಧಾರ. ಅಕ್ಕಪಕ್ಕದ ನಾಲ್ಕು ಹೊಲದವರು ಕೂಡಿದರೆ ಬೇಸಿಗೆಯ ಒಂದು ದಿನದ ಕೆಲಸ. ಆ ಸರಪಳಿಗೆ ಯಾರ ಗಾಡಿಯ, ಯಾವ ಕಂಪನಿಯ ವಿಂಚನ್ನಾದರೂ ಸಿಕ್ಕಿಸಬಹುದು; ಹೊಲ ದೂರವಿದ್ದರೆ ಹೆಚ್ಚುವರಿ ಹಗ್ಗವೊಂದನ್ನು ಜೋಡಿಸಿದರಾಯಿತು. ಊರಿಗೊಂದು ಕೈ ವಿಂಚ್ ಪಾಲಿನಲ್ಲಿ ಕೊಂಡರೂ ನಡೆದೀತು. ಉತ್ತರಿ ಮಳೆಗೆ ಮುಂಚೆ, ನೆಲ ಇನ್ನೂ ಬಿರುಕು ಬಿಟ್ಟು ಒಣಗಿರುವಾಗಲೇ ಆ ಕಂದಕ ತೋಡಬೇಕು.